ಬೀಗಿತ್ತಿ ಹಾಡಿಗೆ ಅಚ್ಚು ಹಾಕಿಸಿದ್ದು

ಆಗ ನನಗೆ ಅರವತ್ತೇಳು. ಈಗ್ಗೆ ಎರಡು ವರ್ಷದ ಮಾತು. ನನ್ನ ಹಾಡುಗಳನ್ನು ಪುಸ್ತಕ ಮಾಡಿಸೋಣ ಎಂದು ಸೊಸೆ ಹೇಳಿದಾಗ ನಾನು ಮೊದಲು ಯೋಚಿಸಿದ್ದು, ಇದರಿಂದ ಇವಳಿಗೇನು ಸಿಗುತ್ತದೆ ಎಂದು.

ನಾನು ಓದಿದವಳಲ್ಲ. ಮದುವೆಯಾಗಿ ಮೇಲೂರಿಗೆ ಬಂದು, ಮಕ್ಕಳು ದೊಡ್ಡವರಾದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ. ಬಸ್ಸಿನ ಬೋರ್ಡು ಓದುತ್ತೇನೆ, ಔಷಧಿ ಡಬ್ಬಿಯ ಮೇಲಿನದನ್ನು ಕೂಡಿಸಿಕೊಂಡು ಓದುತ್ತೇನೆ. ಬರೆದರೆ ಒತ್ತುಗಳು ತಪ್ಪುತ್ತವೆ. ಈ ಬರಹದಲ್ಲಿ ಸೊಸೆ ಒತ್ತು ತಿದ್ದಿದ್ದಾಳೆ. ಮಾತು ತಿದ್ದಿಲ್ಲ ತಾನೆ ಎಂದು ಗಟ್ಟಿಯಾಗಿ ಓದಿಸಿ ಕೇಳಿಕೊಂಡಿದ್ದೇನೆ.

ಹಾಡು ಅಂದರೆ ದೇವರ ಹಾಡಲ್ಲ. ಮದುವೆಯಲ್ಲಿ ಬೀಗರನ್ನು ಜರಿಯುವ ಹಾಡು. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ನಿಂತು ಬೀಗನ ಹೊಟ್ಟೆ, ಬೀಗಿತ್ತಿಯ ನಡಿಗೆ, ಅವರು ತಂದ ಹಣ್ಣಿನ ತಟ್ಟೆ, ಎಲ್ಲವನ್ನೂ ಆಡಿಕೊಂಡು ಹಾಡುತ್ತಾರೆ. ಹಳೆಯ ಹಾಡುಗಳಿವೆ, ಆದರೆ ನಾನು ಕಣ್ಣೆದುರು ಕಂಡದ್ದನ್ನು ಅಲ್ಲೇ ಕಟ್ಟಿ ಹಾಡುತ್ತಿದ್ದೆ. ಅದಕ್ಕೇ ಸುತ್ತಮುತ್ತಲ ಮದುವೆಗಳಿಗೆ ನನ್ನನ್ನು ಕರೆಯುತ್ತಿದ್ದರು. ಜರಿಸಿಕೊಂಡವರು ಎದುರು ಹಾಡು ಕೊಡಬೇಕು. ಕೊಟ್ಟ ಮೇಲೆ ಎರಡೂ ಕಡೆಯವರು ಒಂದೇ ತಟ್ಟೆಯಿಂದ ಎಲೆಯಡಿಕೆ ತೆಗೆದುಕೊಂಡರೆ ಅಲ್ಲಿಗೆ ಸರಿ, ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಎದುರು ಹಾಡು ಬರಲಿಲ್ಲ ಅಂದರೆ ಮಾತ್ರ ಜರಿದದ್ದು ಅವರ ತಲೆಯ ಮೇಲೇ ಉಳಿಯುತ್ತದೆ.

ಅವರೆಕಾಯಿ ಸುಲಿಯುತ್ತಾ ನಾನು ಹಾಡಿಕೊಳ್ಳುತ್ತಿದ್ದುದನ್ನು ಸೊಸೆ ಫೋನಿನಲ್ಲಿ ಹಿಡಿದಿದ್ದಳು. ಅವಳು ಶಿಡ್ಲಘಟ್ಟದ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಒಂದೊಂದೇ ಹಾಡನ್ನು ಬರೆದು ಯಾವುದೋ ಪ್ರಕಾಶಕರಿಗೆ ಕಳಿಸಿದ್ದಳಂತೆ, ನನ್ನನ್ನು ಕೇಳದೆ. ಅವರು ಬೇಡವೆಂದರು.

"ಅವ್ರು ಬ್ಯಾಡಾಂದ್ರೇನು ಅತ್ತೆ, ನಾವೇ ಅಚ್ಚು ಹಾಕ್ಸೋಣ. ಈಗ ಎಲ್ಲಾರೂ ಹಂಗೇ ಮಾಡ್ತಾರೆ."

"ಎಲ್ಲಾರೂ ಅಂದ್ರೆ ಯಾರಮ್ಮ?"

"ಬರೆಯೋರೆಲ್ಲಾ."

"ನಾನು ಬರೆಯೋಳಲ್ಲ. ಬೈಯೋಳು."

ಅವಳು ನಕ್ಕಳು. ಬಿಡಲಿಲ್ಲ. ಒಂದು ಭಾನುವಾರ ಚಿಕ್ಕಬಳ್ಳಾಪುರದಿಂದ ಪುಸ್ತಕ ಮಾಡಿಕೊಡುವ ಕಂಪನಿಯವನೊಬ್ಬ ಮನೆಗೇ ಬಂದ. ಇಸ್ತ್ರಿ ಷರ್ಟು, ಕೈಯಲ್ಲಿ ಹೊಳೆಯುವ ಪುಸ್ತಕಗಳ ಒಂದು ಚೀಲ. ಒಂದೊಂದನ್ನೇ ತೆಗೆದು ನನ್ನ ಮುಂದೆ ಹರಡಿದ. ಎಲ್ಲವೂ ಚೆನ್ನಾಗಿದ್ದವು. ಅದೇ ನನಗೆ ಸರಿಬರಲಿಲ್ಲ.

ನಮ್ಮದು ರೇಷ್ಮೆ ಬೆಳೆಯುವ ಮನೆ. ಹುಳ ಮೇಯಿಸಿ, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುತ್ತಿದ್ದೆವು. ಅಲ್ಲಿ ನೂಲು ತೆಗೆಯುವ ರೀಲರುಗಳು ಕೊಳ್ಳಲು ಬಂದರೆ ಮೇಲಿನ ಗೂಡನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ರಾಶಿಗೆ ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ. ಮೇಲೆ ಒಳ್ಳೆಯದನ್ನು ಯಾರು ಬೇಕಾದರೂ ಇಡಬಹುದು. ಮಾರಲು ಹೋದ ನನಗೆ ಆ ಕೊಳ್ಳುವವರ ಚಾಳಿ ಹತ್ತಿತು, ಆಮೇಲೆ ಬಿಡಲಿಲ್ಲ. ಅಕ್ಕಿ ಕೊಂಡರೂ ಅಷ್ಟೆ, ಹೆಣ್ಣು ತಂದರೂ ಅಷ್ಟೆ.

ಅವನು ಹೇಳುತ್ತಾ ಹೋದ. ಪುಟ ಜೋಡಿಸುವುದು, ರಕ್ಷಾಪುಟ, ಪುಸ್ತಕಕ್ಕೊಂದು ನಂಬರು, ಬಿಡುಗಡೆ ಸಮಾರಂಭ, ಶಾಲು, ಹಾರ, ಫೋಟೋ. ಎಲ್ಲಾ ಒಂದೇ ಪ್ಯಾಕೇಜು.

"ನಂಬರ್ ಯಾಕಪ್ಪ?"

"ಅದಿದ್ರೇನೇ ಅಮ್ಮಾ ಪುಸ್ತಕಕ್ಕೆ ಲೆಕ್ಕ. ಪ್ರಪಂಚದಲ್ಲಿ ಎಲ್ಲೇ ಇದ್ರೂ ಗೊತ್ತಾಗುತ್ತೆ."

ಹಸುವಿನ ಕಿವಿಗೆ ಡಾಕ್ಟರು ಹೊಡೆಯುವ ಹಳದಿ ಬಿಲ್ಲೆಯಂಥದು ಎಂದು ನಾನು ತಿಳಿದುಕೊಂಡೆ. ಬಿಲ್ಲೆ ಹೊಡೆದ ಮಾತ್ರಕ್ಕೆ ಯಾವ ಹಸುವೂ ಜಾಸ್ತಿ ಹಾಲು ಕರೆದದ್ದನ್ನು ನಾನು ಕಂಡಿಲ್ಲ.

"ಜೊತೆಗೆ ಅಮ್ಮನಿಗೆ ನಮ್ಮ ಕಡೆಯಿಂದ ಒಂದು ಪ್ರಶಸ್ತಿ," ಎಂದ.

"ಪುಸ್ತಕ ಬರೋಕ್ ಮುಂಚೇನೇ ಪ್ರಶಸ್ತಿನಾ?"

"ಪ್ಯಾಕೇಜಲ್ಲೇ ಬರುತ್ತಮ್ಮಾ."

ಸೊಸೆ ನನ್ನ ಮೊಣಕೈ ತಿವಿದಳು. ನಾನು ಸುಮ್ಮನಾಗಲಿಲ್ಲ. ಅಚ್ಚಾದ ಪುಸ್ತಕ ಯಾರು ಕೊಳ್ಳುತ್ತಾರೆ ಎಂದು ಕೇಳಿದೆ. ಮೊದಲ ಸಲದ್ದನ್ನು ಲೇಖಕರೇ ತೆಗೆದುಕೊಳ್ಳಬೇಕು ಎಂದ. ನನ್ನ ಬಾಯಿಂದ ಬಂದ ಹಾಡನ್ನು ನಾನೇ ಕೊಂಡುಕೊಳ್ಳಬೇಕೇ ಎಂದೆ. ಹಾಗಲ್ಲಮ್ಮಾ ಎಂದ. ಹೇಗೆ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ಅವನಿಗೆ ಎರಡು ತಿದ್ದುಪಡಿ ಬೇಕಾಗಿತ್ತು. ತೆಲುಗು ಹಾಡುಗಳು ಬೇಡ, ಇದು ಕನ್ನಡ ಪುಸ್ತಕ. ನಮ್ಮ ಕಡೆ ಒಂದೇ ಮದುವೆಯಲ್ಲಿ ಒಂದು ಹಾಡು ಕನ್ನಡ, ಎದುರು ಹಾಡು ತೆಲುಗು. ಅರ್ಧ ತೆಗೆದರೆ ಜಗಳ ಒಬ್ಬರೇ ಆಡಿದಂತಾಗುತ್ತದೆ. ಎರಡನೆಯದು, ಯಾವ ಊರಿನ ಯಾವ ಮನೆ ಎಂದು ಗೊತ್ತಾಗುವ ಮಾತೆಲ್ಲ ತೆಗೆಯಬೇಕು. "ಸ್ವಲ್ಪ ಸಾಫ್ಟ್ ಮಾಡೋಣ," ಎಂದ. ಕೊನೆಯಲ್ಲಿ, ಮುಖಪುಟದಲ್ಲಿ ಸಂಪಾದಕಿ ಎಂದು ಮೇಡಮ್ಮಿನ ಹೆಸರು ಬರುತ್ತದೆ ಎಂದ. ನಾನು ಸೊಸೆಯ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು.

"ನಿಮ್ಮ ಕೈಲಿ ಪುಸ್ತಕ ಮಾಡಿಸ್ಕೊಂಡೋರು ಯಾರಾದ್ರೂ ಹತ್ರದಲ್ಲಿದ್ರೆ ಹೇಳಪ್ಪ, ಹೋಗಿ ನೋಡ್ತೀನಿ," ಎಂದೆ. ಶಿಡ್ಲಘಟ್ಟದ ಒಬ್ಬ ರಿಟೈರ್ಡ್ ಮೇಷ್ಟ್ರ ವಿಳಾಸ ಕೊಟ್ಟ.

ಮೇಷ್ಟ್ರು ಒಳ್ಳೆಯ ಮನುಷ್ಯ. ಕವನ ಬರೆದಿದ್ದರು. ಸೊಸೆಯ ಜೊತೆ ಮನೆಯೊಳಗೆ ಹೋದರೆ ಅಟ್ಟದ ತುಂಬ ಪುಸ್ತಕದ ಕಟ್ಟುಗಳು, ಮಂಚದ ಕೆಳಗೆ ಕಟ್ಟುಗಳು, ಟಿವಿ ಕೂತಿದ್ದದ್ದೂ ಎರಡು ಕಟ್ಟಿನ ಮೇಲೆ. ಶಾಲು ಹೊದ್ದ ಫೋಟೋ ಗೋಡೆಯಲ್ಲಿತ್ತು. ನಾವು ಕೂರುವ ಮೊದಲೇ ಕೈಗೊಂದು ಪುಸ್ತಕ ಕೊಟ್ಟರು.

"ಎರಡು ತಗೊಳ್ಳಿ ಅಮ್ಮಾ, ಮನೇಲಿ ಯಾರಾದ್ರೂ ಓದ್ತಾರೆ."

ಒಳಗಿನಿಂದ ಅವರ ಹೆಂಡತಿ ಕೂಗಿದರು: "ನಾಲ್ಕು ಕೊಡ್ರೀ. ಮಂಚದ ಕೆಳಗೆ ಕಸ ಗುಡಿಸೋಕಾದ್ರೂ ಜಾಗ ಆಗ್ಲಿ!"

ನಾನು ಮಂಚದ ಕೆಳಗೆ ಬಗ್ಗಿ, ಎಲ್ಲಕ್ಕಿಂತ ಅಡಿಯಲ್ಲಿದ್ದ ಕಟ್ಟಿನಿಂದ ಒಂದನ್ನು ಎಳೆದೆ. ಮಧ್ಯದ ಹಾಳೆಗಳು ಖಾಲಿ. ಮೇಷ್ಟ್ರಿಗೆ ತೋರಿಸಿದೆ.

"ಗೊತ್ತು ಕಣಮ್ಮಾ," ಎಂದರು. "ಅದಕ್ಕೇ ಅವನ್ನ ಅಡಿಗೆ ಹಾಕಿದೀನಿ."

ಕಂಪನಿಯವನನ್ನು ಕೇಳಿದರೆ ಬದಲಾಯಿಸಿ ಕೊಡುತ್ತಾನೆ, ಆದರೆ ಇನ್ನಷ್ಟು ಕಟ್ಟು ಮನೆಗೆ ಬರುತ್ತದಲ್ಲ ಎಂದು ಕೇಳಲಿಲ್ಲವಂತೆ. ಮೋಸ ಎಂದು ಹೇಳಲು ಬಾರದು. ಅವನು ಹೇಳಿದ್ದನ್ನೆಲ್ಲ ಮಾಡಿದ್ದ. ಪುಸ್ತಕ, ನಂಬರು, ಶಾಲು. ಓದುವವರನ್ನು ಕೊಡುತ್ತೇನೆಂದು ಅವನು ಹೇಳಿರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೊಸೆ ತಾನಾಗಿಯೇ ಹೇಳಿದಳು, "ನನ್ ಹೆಸ್ರು ಬ್ಯಾಡ ಅತ್ತೆ. ಹಾಡು ನಿಮ್ದು." ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು.

ಆ ಕಂಪನಿ ಬೇಡವೆಂದಾಯಿತು. ಬೇರೆ ಕಡೆ, ನಾವೇ ನಿಂತು, ಬೇಕಾದಷ್ಟೇ ಅಚ್ಚು ಹಾಕಿಸೋಣ ಎಂದಳು ಸೊಸೆ. ಅದು ನನ್ನ ತಲೆಗೂ ಹತ್ತಿತು. ಆದರೆ ಅಷ್ಟರಲ್ಲಿ ಚಿಂತಾಮಣಿಯಿಂದ ಮಗಳ ಫೋನು ಬಂತು. ಅವಳ ಕಿವಿಗೆ ಪುಸ್ತಕದ ಸುದ್ದಿ ಬಿದ್ದಿತ್ತು.

"ಅಮ್ಮಾ, ಅದೊಂದು ಹಾಡು ಬಿಟ್ಬಿಡು."

ಯಾವುದೆಂದು ನಾನು ಕೇಳಲಿಲ್ಲ. ಅವಳ ಮದುವೆಯಲ್ಲಿ, ಅವಳ ಅತ್ತೆಯ ಮೇಲೆ, ನಾನೇ ಕಟ್ಟಿ ಹಾಡಿದ್ದು. ಬೀಗಿತ್ತಿ ಹೊಸ ಜರಿಸೀರೆ ಉಟ್ಟು ಬಂದಿದ್ದಳು, ಸೆರಗಿನ ಹಿಂದೆ ಅಂಗಡಿಯ ಚೀಟಿ ಹಾಗೇ ಅಂಟಿಕೊಂಡಿತ್ತು. ನನ್ನ ಕಣ್ಣಿಗೆ ಬಿದ್ದದ್ದನ್ನು ಬಾಯಿ ಸುಮ್ಮನೆ ಬಿಡಲಿಲ್ಲ.

ಬಂದಾಳೆ ಬೀಗಿತ್ತಿ ಜರಿಸೀರೆ ಉಟ್ಟು,
ಸೆರಗಿನ ಹಿಂದೈತೆ ಅಂಗಡಿ ಚೀಟಿ.
ಸಾರು ಬಡಿಸೋರೆ ಜ್ವಾಕೆ ಕಣಿರವ್ವ,
ಸಂಜೇಗೆ ಆ ಸೀರೆ ವಾಪಸ್ಸು ಹೋಗಬೇಕು.

ಪಂಕ್ತಿಯಲ್ಲಿ ಕೂತಿದ್ದವರೆಲ್ಲ ಎಲೆ ಬಿಟ್ಟು ನಕ್ಕರು. ಗಂಡಿನ ಕಡೆಯಿಂದ ಎದುರು ಹಾಡು ಬರಲಿಲ್ಲ. ಬೀಗಿತ್ತಿ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಮಗಳ ಮಗ ಈಗ ಕಾಲೇಜಿಗೆ ಹೋಗುತ್ತಾನೆ, ಅಷ್ಟು ವರ್ಷದಿಂದ ಗೆದ್ದೆ ಎಂದುಕೊಂಡೇ ಇದ್ದೆ. ಚಿಂತಾಮಣಿಯಲ್ಲಿ ಆ ಹೆಂಗಸಿಗೆ ಹಿಂದಿನಿಂದ ಚೀಟಿಯಮ್ಮ ಎನ್ನುತ್ತಿದ್ದರಂತೆ.

"ಬಾಯಲ್ಲಿ ಹೋದ್ರೆ ಮರೀತಾರಮ್ಮ. ಅಚ್ಚಾದ್ರೆ? ನೀನು ಹಾಡ್ಬಿಟ್ಟು ಮೇಲೂರಲ್ಲಿ ಇರ್ತೀಯ. ಈ ಮನೇಲಿ ದಿನಾ ಅನ್ನ ತಿನ್ನೋಳು ನಾನು ಕಣಮ್ಮ," ಎಂದಳು ಮಗಳು.

ಸೊಸೆ ಆ ಹಾಡು ಇಲ್ಲದೆ ಪುಸ್ತಕವೇ ಬೇಡ ಎಂದಳು. ಅದೂ ನಿಜ. ನನ್ನನ್ನು ಕರೆಯುತ್ತಿದ್ದವರೆಲ್ಲ ಚೀಟಿ ಹಾಡು ಹಾಡಿದವಳು ಎಂದೇ ಕರೆಯುತ್ತಿದ್ದದ್ದು. ಹಾಕಿದರೆ ಮಗಳ ಮನೆಯಲ್ಲಿ ಬೆಂಕಿ. ಬಿಟ್ಟರೆ ಉಳಿದದ್ದು ಸೊಪ್ಪು ಸದೆ. ಬೀಗಿತ್ತಿಯನ್ನೇ ಕೇಳುವುದೆಂದು ತೀರ್ಮಾನ ಮಾಡಿದೆ. ಮಗಳ ಮೂಲಕ ಹೇಳಿಸಲಿಲ್ಲ. ಮಾತು ಮಧ್ಯದಲ್ಲಿ ಎಷ್ಟು ಬದಲಾಗುತ್ತದೆ ಎಂದು ನನಗೆ ಗೊತ್ತು.

ಆಧಾರ್ ತೋರಿಸಿದರೆ ಬಸ್ಸಿಗೆ ದುಡ್ಡಿಲ್ಲ. ಅದನ್ನೂ ನಾನು ಮೊದಮೊದಲು ನಂಬದೆ ಚಿಲ್ಲರೆ ಮುಷ್ಟಿಯಲ್ಲೇ ಹಿಡಿದು ಕೂರುತ್ತಿದ್ದೆ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ ಸೊಸೆಯ ಜೊತೆ ಚಿಂತಾಮಣಿಗೆ ಹೋದೆ. ಬಸ್ಸಿನ ತುಂಬ ಮುರುಗಮಲ್ಲದ ದರ್ಗಾಕ್ಕೆ ಹೋಗುವ ಜನ, ನಿಂತೇ ಹೋದೆವು.

ಬೀಗಿತ್ತಿ ಜಗಲಿಯಲ್ಲಿ ಕೂತು ಟೊಮೇಟೊ ಆರಿಸುತ್ತಿದ್ದಳು. ನನಗಿಂತ ಚಿಕ್ಕವಳು, ಆದರೂ ಗಂಡಿನ ಕಡೆಯವಳೆಂದು ನಾನು ಅಕ್ಕ ಎನ್ನುತ್ತೇನೆ. ಅವರ ಮನೆಮಾತು ತೆಲುಗು. ಅವಳು ನನ್ನನ್ನು ವದಿನಾ ಎನ್ನುತ್ತಾಳೆ, ಅತ್ತಿಗೆ ಎಂದು.

"ಏನ್ ವದಿನಾ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಯಾರ್ ಸತ್ರು?"

"ಯಾರೂ ಸತ್ತಿಲ್ಲ ಅಕ್ಕಾ. ಪುಸ್ತಕ ಮಾಡಿಸ್ತಿದ್ದೀನಿ. ನಿನ್ ಮೇಲಿನ ಹಾಡು ಹಾಕ್ಲಾ, ಬಿಡ್ಲಾ?"

ಬಾಗಿಲಲ್ಲಿ ನಿಂತಿದ್ದ ಮಗಳು ಹಣೆ ಹಣೆ ಚಚ್ಚಿಕೊಂಡಳು. ಬೀಗಿತ್ತಿ ಒಂದು ಕೊಳೆತ ಟೊಮೇಟೊ ಎತ್ತಿ ಪಕ್ಕಕ್ಕಿಟ್ಟಳು. ಅದನ್ನು ನನ್ನ ಮೇಲೆ ಎಸೆಯುತ್ತಾಳೋ ಎಂದು ನಾನು ಒಂದು ಕಣ್ಣು ಅದರ ಮೇಲೇ ಇಟ್ಟಿದ್ದೆ.

"ಮೊದ್ಲು ಒಂದ್ ಮಾತು ಹೇಳು," ಎಂದಳು. "ಅವತ್ತು ಮೈಕ್ ಸೆಟ್ನೋನಿಗೆ ಕಣ್ಸನ್ನೆ ಮಾಡಿದ್ದು ನೀನೇ ತಾನೆ?"

"ಯಾವ ಮೈಕು?"

"ನಾಟ್ಕ ಆಡ್ಬ್ಯಾಡ. ನಾನು ಎದುರು ಹಾಡೋಕೆ ಬಾಯಿ ತೆಗ್ದೆ. ಆ ಮುಂಡೇದು ಜೋರಾಗಿ ಸಿನಿಮಾ ಹಾಡು ಹಾಕ್ದ. ಅದು ಮುಗಿಯೋ ಹೊತ್ಗೆ ನಿಮ್ಮೋರು ಎಲೆ ಎತ್ತಿದ್ರು. ನಿಮ್ಮೂರ್ ಮೈಕು, ನಿಮ್ಮೂರ್ ಹುಡ್ಗ. ಯಾರ್ ಹೇಳಿಸ್ದೋರು ಮತ್ತೆ?"

ನಾನು ಹೇಳಿಸಿರಲಿಲ್ಲ. ದೇವರಾಣೆ ಎಂದೆ. ಅವಳು ನಂಬಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಇಷ್ಟು ವರ್ಷ ನಾನು ಗೆದ್ದೆ ಎಂದುಕೊಂಡಿದ್ದೆ, ಅವಳು ನಾನು ಮೋಸ ಮಾಡಿದೆ ಎಂದುಕೊಂಡಿದ್ದಳು. ಮಧ್ಯದಲ್ಲಿ ಹಬ್ಬಕ್ಕೆ ಬಂದಿದ್ದಾಳೆ, ಬಾಣಂತನಕ್ಕೆ ನಾನು ಹೋಗಿದ್ದೇನೆ, ಒಂದೇ ತಟ್ಟೆಯಲ್ಲಿ ಅಡಿಕೆ ಹಂಚಿಕೊಂಡಿದ್ದೇವೆ. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಆಯ್ತು, ಎದುರು ಹಾಡು ಇತ್ತು ಅಂತೀಯಲ್ಲ, ಈಗ ಹಾಡು," ಎಂದೆ. ಇರಲಾರದು ಎಂದೇ ನನ್ನ ಲೆಕ್ಕ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಶುರುಮಾಡಿದಳು. "ಅಡುಗು ಚೂಸೇ ವದಿನಮ್ಮಾ" ಎಂದು ಎತ್ತಿಕೊಂಡಳು, ತಳ ನೋಡುವ ಅತ್ತಿಗೆಯಮ್ಮ ಎಂದು. ನಿಶ್ಚಿತಾರ್ಥಕ್ಕೆ ಅವರ ಮನೆಗೆ ಹೋದಾಗ ನಾನು ಲಡ್ಡುವಿನ ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡಿದ್ದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಹಾಡಿನ ಅರ್ಥ ಇಷ್ಟು: ಲಡ್ಡು ಬುಟ್ಟಿಯ ತಳ ನೋಡಿದಳು, ಅಕ್ಕಿ ಮೂಟೆಯ ತಳ ನೋಡಿದಳು, ನಮ್ಮ ಬಾವಿಗೂ ಬಗ್ಗಿ ತಳ ನೋಡಿದಳು. ಮದುಮಗನನ್ನು ತಲೆಕೆಳಗೆ ಮಾಡಿ ನೋಡುವುದರೊಳಗೆ ಬೇಗ ತಾಳಿ ಕಟ್ಟಿಸಿರಮ್ಮ.

ಸೊಸೆ ಬಿದ್ದು ಬಿದ್ದು ನಕ್ಕಳು. ನನ್ನ ಮಗಳೂ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿದು. ಹಾಡು ಚೆನ್ನಾಗಿತ್ತು. ಅದು ನನಗೆ ಹಿಡಿಸಲಿಲ್ಲ.

"ಇದು ಅವತ್ತಿಂದೋ, ಈಗ ಕಟ್ಟಿದ್ದೋ?" ಎಂದೆ.

"ನೋಡ್ರೇ, ಹಾಡಿಗೂ ತಳ ನೋಡ್ತಾಳೆ!" ಎಂದಳು ಬೀಗಿತ್ತಿ.

ಆಮೇಲೆ ವ್ಯವಹಾರದ ಮಾತಾಯಿತು. ಚೀಟಿ ಹಾಡು ಹಾಕಬಹುದು. ಎದುರಿನ ಪುಟದಲ್ಲೇ ಅವಳ ಹಾಡೂ ಬರಬೇಕು, ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ. ಪುಸ್ತಕದ ಮೇಲೆ ಅವಳ ಹೆಸರೂ ಇರಬೇಕು, ನನ್ನದರಷ್ಟೇ ದಪ್ಪಕ್ಕೆ. ಎದುರು ಹಾಡು ಅವಳ ಬಳಿ ಬೇಕಾದಷ್ಟಿವೆ, ಬೇಕಾದರೆ ಅವನ್ನೂ ಕೊಡುತ್ತಾಳೆ. ಖರ್ಚು ಎರಡೂ ಮನೆಯದು. ಅಚ್ಚು ಚಿಂತಾಮಣಿಯಲ್ಲೇ, ಅವರ ಮನೆಯ ಲಗ್ನಪತ್ರಿಕೆಗಳನ್ನೆಲ್ಲ ಹಾಕಿಕೊಟ್ಟವನ ಪ್ರೆಸ್ಸಿನಲ್ಲಿ. ಬಿಲ್ಲೆ ನಂಬರು ಬೇಡ, ಶಾಲು ಬೇಡ. ಎರಡೂ ಕಡೆಯ ನೆಂಟರ ಮದುವೆಗಳಲ್ಲಿ ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ಜೊತೆ ಒಂದೊಂದು ಹಾಕುವುದು. ಅಟ್ಟಕ್ಕೇರುವ ಮೊದಲೇ ಮನೆಮನೆಗೆ ಹೋಗುತ್ತದೆ. ಈ ಕೊನೆಯ ಮಾತು ಸೊಸೆಯದು, ನನಗೂ ಒಪ್ಪಿತು.

ಅವರ ಕಡೆಯ ಪ್ರೆಸ್ಸು ಎನ್ನುವುದೊಂದು ನನಗೆ ಚುಚ್ಚುತ್ತಿತ್ತು. ಒಪ್ಪಿಕೊಂಡು ಬಂದೆ.

ಒಳಗಿನ ಪುಟಗಳೆಲ್ಲ ಸರಿಯಾಗಿ ಬಂದವು. ಸೊಸೆ ಓದಿದಳು, ನಾನು ಕಣ್ಣು ಮುಚ್ಚಿ ಕೇಳಿದೆ. ನನ್ನ ಹಾಡು ಎಡಕ್ಕೆ, ಎದುರು ಹಾಡು ಬಲಕ್ಕೆ. ಎದುರು ಹಾಡು ಸಿಗದ ಕಡೆ ಬಲಗಡೆ ಪುಟ ಖಾಲಿ ಬಿಡಿಸಿದೆ. ಜರಿಸಿಕೊಂಡ ಮನೆಯವರು ಬೇಕಾದರೆ ಬರೆದುಕೊಳ್ಳಲಿ.

ಮುಖಪುಟ ಒಂದು ಸಂಜೆ ಸೊಸೆಯ ಫೋನಿಗೆ ಬಂತು. ನಾನು ಕನ್ನಡಕ ಹಾಕಿಕೊಂಡು ನಾನೇ ಓದಿದೆ. ಮೇಲೆ ಬೀಗಿತ್ತಿಯ ಹೆಸರು. ಅದರ ಕೆಳಗೆ ನನ್ನದು.

"ದಪ್ಪ ಒಂದೇ ಐತಲ್ಲ ಅತ್ತೆ," ಎಂದಳು ಸೊಸೆ.

"ದಪ್ಪ ಒಂದೇ. ಜಾಗ ಒಂದೇನಾ?"

"ಒಂದ್ ಸಾಲು ಮೇಲೆ ಕೆಳಗೆ. ಇದಕ್ಕೆ ಗಲಾಟೆ ಮಾಡಿದ್ರೆ ಅಲ್ಲಿ ನಿಮ್ ಮಗ್ಳಿಗೆ ಕಷ್ಟ."

ಅದು ನನಗೂ ಗೊತ್ತಿತ್ತು. ಪುಸ್ತಕದ ಮುಕ್ಕಾಲು ಪಾಲು ನನ್ನ ಬಾಯಿಂದ ಬಂದದ್ದು. ಸುಮ್ಮನಿದ್ದರೆ ಬೀಗಿತ್ತಿಯ ಪುಸ್ತಕದಲ್ಲಿ ನಾನು ಹಾಡಿದಂತೆ. ಬಾಯಿ ಬಿಟ್ಟರೆ ಮಗಳ ತಟ್ಟೆಗೆ ಬೀಳುತ್ತದೆ. ಪ್ರೆಸ್ಸಿನವನು ಅವರ ಕಡೆಯವನು. ಬೀಗಿತ್ತಿಯೇ ಹೇಳಿ ಹಾಕಿಸಿದ್ದಾಳೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಫೋನು ಮಾಡಲಿಲ್ಲ. ಫೋನಿನಲ್ಲಿ ಮುಖ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ, ಒಬ್ಬಳೇ. ಪ್ರೆಸ್ಸಿನ ಬಾಗಿಲು ಆಗತಾನೆ ತೆರೆದಿತ್ತು. ಒಳಗೆ ಬೆಂಚಿನ ಮೇಲೆ ಬೀಗಿತ್ತಿ ಆಗಲೇ ಕೂತಿದ್ದಳು.

"ನಂಗೊತ್ತಿತ್ತು ನೀನು ಬರ್ತೀಯಾಂತ," ಎಂದಳು. "ನಾನು ಹೇಳ್ಲಿಲ್ಲ. ಅವನೇ ಹಾಕಿರೋದು."

"ಹೇಳ್ಲಿಲ್ಲಾಂದ್ರೆ ಇಷ್ಟೊತ್ಗೇ ಯಾಕ್ ಬಂದು ಕೂತಿದ್ದೀಯ?"

"ನೀನು ಬಂದು ನನ್ ಹೆಸರೇ ತೆಗೆಸ್ಬಿಟ್ರೆ?"

ಪ್ರೆಸ್ಸಿನವನು ಇಬ್ಬರ ಮುಖವನ್ನೂ ನೋಡಿ ತಲೆ ಕೆರೆದುಕೊಂಡ. "ಅಮ್ಮಾ, ನಾನು ಹಾಕೋದೆಲ್ಲಾ ಲಗ್ನಪತ್ರಿಕೆ. ಬೀಗರ ಪುಸ್ತಕ ಅಂದ್ರಿ. ಗಂಡಿನ್ ಕಡೆ ಮೇಲೆ, ಹೆಣ್ಣಿನ್ ಕಡೆ ಕೆಳಗೆ, ಕೈ ಹಂಗೇ ಹೋಗ್ಬಿಡ್ತು," ಎಂದ. ಕಂಪ್ಯೂಟರಿನಲ್ಲಿ ತೋರಿಸಿದ. ಮೂಲೆಗಳಿಗೆ ಅರಿಶಿನದ ಬಣ್ಣವೂ ಬಳಿದಿದ್ದ, ಕೆಳಗೆ ತಮ್ಮ ಆಗಮನವನ್ನು ಬಯಸುವವರು ಎಂದೂ ಇತ್ತು. ಫೋನಿನಲ್ಲಿ ಅಷ್ಟು ಕೆಳಗಿನದು ಕಂಡಿರಲಿಲ್ಲ. ಬೀಗಿತ್ತಿ ಹೇಳಿಸಿದ್ದರೆ ಅದನ್ನು ಹೇಳಿಸುತ್ತಿರಲಿಲ್ಲ. ಅಷ್ಟರಮಟ್ಟಿಗೆ ನಂಬಿದೆ.

"ಇದು ಮದ್ವೆ ಅಲ್ಲ ಕಣಪ್ಪ. ಹಾಡಿದೋರು ಮೇಲೆ, ಎದುರು ಹಾಡಿದೋರು ಕೆಳಗೆ," ಎಂದೆ.

ಬೀಗಿತ್ತಿ ಕಂಪ್ಯೂಟರಿನ ಹತ್ತಿರಕ್ಕೆ ಬಗ್ಗಿ ನೋಡಿದಳು. "ಆಯ್ತು," ಎಂದಳು. "ಹಿಂದಿನ ರಟ್ಟಿನ ಮೇಲೆ ನನ್ದು ಮೊದ್ಲು ಬರ್ಲಿ. ಪುಸ್ತಕ ಬೋರಲು ಬಿದ್ದಾಗ ನಾನೇ ಮೇಲೆ."

ಹಾಗೇ ಆಯಿತು. ಅವನು ನಮ್ಮೆದುರೇ ತಿದ್ದಿ, ಮೆಷಿನ್ನು ಚಾಲೂ ಮಾಡಿದ. ಅವಳು ಬೆಂಚಿನ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ ಕೂತೆವು. ಮಧ್ಯದಲ್ಲಿ ಅವಳ ಎಲೆಯಡಿಕೆ ಚೀಲ. ರಕ್ಷಾಪುಟಗಳು ಒಂದರ ಮೇಲೊಂದು ಬೀಳುತ್ತಿದ್ದವು. ರಾಶಿ ಮೊಳದೆತ್ತರ ಆಗುವವರೆಗೆ ಇಬ್ಬರೂ ಏಳಲಿಲ್ಲ. ಆಮೇಲೆ ನಾನು ಎದ್ದು ಹೋಗಿ, ತಳಕ್ಕೆ ಕೈ ತೂರಿಸಿ, ಎಲ್ಲಕ್ಕಿಂತ ಅಡಿಯಲ್ಲಿದ್ದ ಒಂದನ್ನು ಎಳೆದು ನೋಡಿದೆ.